ಹಳೆ ಮನೆ ಕೊಂಡು, ದುರಸ್ತಿಯನ್ನು ನಾವೇ ಮಾಡಿ ಮಾರಿದರೆ ಲಾಭ ಉಳಿಯುತ್ತದೆಯೇ?

ಪ್ರಶ್ನೆ: ಬ್ರಹ್ಮಪುರ ಓಣಿ

ಎಲ್ಲರಿಗೂ ಶರಣು.

ಕಲಬುರಗಿಯ ಬ್ರಹ್ಮಪುರ ಭಾಗದಲ್ಲಿ 30×40 ಅಡಿ ನಿವೇಶನದ ಒಂದು ಹಳೆಯ ಮನೆ ಮಾರಾಟಕ್ಕಿದೆ. ಮುಂದಿನ ಎರಡು ಕೋಣೆಗಳ ಗೋಡೆಗಳು ಮಣ್ಣಿನಲ್ಲಿ ಕಟ್ಟಿದ ಕಲ್ಲಿನವು. ಮೇಲೆ ಕಬ್ಬಿಣದ ಗರ್ಡರ್ ಕೂಡಿಸಿ ಫರ್ಸಿ (ಚಪ್ಪಡಿ ಕಲ್ಲು) ಹಾಸಿದ್ದಾರೆ. ಹಿಂದಿನ ಅಡುಗೆಮನೆ ಮತ್ತು ಇನ್ನೊಂದು ಕೋಣೆಯನ್ನು ಸುಮಾರು 1995ರ ಹೊತ್ತಿಗೆ ಇಟ್ಟಿಗೆಯಲ್ಲಿ ಕಟ್ಟಿ ಆರ್‌ಸಿಸಿ ಸ್ಲ್ಯಾಬ್ ಹಾಕಿದ್ದಾರೆ. ನೆಲಕ್ಕೆಲ್ಲ ಶಹಾಬಾದ್ ಕಲ್ಲು ಇದೆ. ಮಧ್ಯದ ಗೋಡೆಯಲ್ಲಿ ಕಿಟಕಿಯ ಮೂಲೆಯಿಂದ ಮೇಲಕ್ಕೆ ಓರೆಯಾಗಿ ಹೋದ ಒಂದು ಬಿರುಕು ಇದೆ, ಬಚ್ಚಲಿನ ಪಕ್ಕದ ಗೋಡೆಯಲ್ಲಿ ಬಿಳಿ ಉಪ್ಪಿನ ಪುಡಿ ಏಳುತ್ತಿದೆ.

ಮಾಲೀಕರು 36 ಲಕ್ಷ ಹೇಳುತ್ತಿದ್ದಾರೆ. ಒಬ್ಬ ಗುತ್ತಿಗೆದಾರರು ಪೂರ್ಣ ದುರಸ್ತಿಗೆ 8.5 ಲಕ್ಷದ ಅಂದಾಜು ಕೊಟ್ಟಿದ್ದು, ಅದರಲ್ಲಿ ಸುಮಾರು 3.5 ಲಕ್ಷ ಬರೀ ಕೂಲಿ. ಎಲ್ಲ ಮುಗಿದ ಮೇಲೆ 52 ಲಕ್ಷಕ್ಕೆ ಹೋಗಬಹುದು ಎಂದು ಆ ಓಣಿಯಲ್ಲಿ ಮನೆ ಮಾರಿಸುವ ದಲ್ಲಾಳಿಯೊಬ್ಬರು ಹೇಳಿದ್ದಾರೆ. 25 ಲಕ್ಷ ಸಾಲ ಮಾಡಬೇಕಾಗುತ್ತದೆ, ಬಡ್ಡಿ ಶೇ. 9ರ ಆಸುಪಾಸು.

ನಾನು ಖಾಸಗಿ ಸಂಸ್ಥೆಯೊಂದರ ನೌಕರ. ಸಂಜೆ ಮತ್ತು ಭಾನುವಾರ ಬಿಡುವಿರುತ್ತದೆ. ನಮ್ಮ ತಂದೆಯವರು ಗೌಂಡಿ ಕೆಲಸ ಮಾಡಿದವರು, ತಮ್ಮ ಐಟಿಐ ಮುಗಿಸಿದ್ದಾನೆ. ಕೂಲಿಯ 3.5 ಲಕ್ಷವನ್ನು ನಾವೇ ಉಳಿಸಿಕೊಂಡರೆ ಅದೇ ನಮ್ಮ ಲಾಭವಾಗುತ್ತದೆ ಎಂಬುದು ನನ್ನ ಲೆಕ್ಕ. ಇದು ಸರಿಯೇ? ಯಾವ ಕೆಲಸವನ್ನು ನಾವೇ ಮಾಡಬಹುದು, ಯಾವುದನ್ನು ಮುಟ್ಟಬಾರದು? ಈ ಕೆಲಸ ಮಾಡಿ ತಿಳಿದವರು ದಯವಿಟ್ಟು ವಿವರವಾಗಿ ಹೇಳಬೇಕು.

ಉತ್ತರ: ಸೇಡಂ ರಸ್ತೆ ಸೈಟ್ ಮೇಲ್ವಿಚಾರಕ

ಶರಣು ಸರ್. ನಾನು ಕಟ್ಟಡ ಕೆಲಸದ ಮೇಲ್ವಿಚಾರಣೆಯಲ್ಲಿ ಇರುವವನು, ಆದ್ದರಿಂದ ಹಣದ ಮಾತಿಗಿಂತ ಮೊದಲು ಗೋಡೆಯ ಮಾತು ಹೇಳುತ್ತೇನೆ.

ನೀವು ಬರೆದದ್ದರಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಕಿಟಕಿಯ ಮೂಲೆಯ ಓರೆ ಬಿರುಕು. ಗಿಲಾವಿನ ಮೇಲೆ ಜೇಡರ ಬಲೆಯಂತೆ ಹರಡಿದ ಕೂದಲೆಳೆ ಬಿರುಕುಗಳಿಗೆ ಹೆದರಬೇಕಾಗಿಲ್ಲ. ಅವು ಗಿಲಾವು ಬೇಗ ಒಣಗಿದ್ದರಿಂದ ಬಂದವು. ಆದರೆ ಕಿಟಕಿ, ಬಾಗಿಲುಗಳ ಮೂಲೆಯಿಂದ ಹೊರಟು ಮೇಲೆ ಹೋದಂತೆಲ್ಲ ಅಗಲವಾಗುವ ಬಿರುಕು ಸಾಮಾನ್ಯವಾಗಿ ಪಾಯದ ಕಡೆಗೆ ಬೆರಳು ತೋರಿಸುತ್ತದೆ. ನಮ್ಮ ಕಲಬುರಗಿಯ ಎರೆ ಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಕುಗ್ಗಿ ನೆಲವೇ ಬಾಯಿ ಬಿಡುತ್ತದೆ. ಹಳೆಯ ಮನೆಗಳ ಪಾಯ ಆಳವಿಲ್ಲದಿದ್ದರೆ ಗೋಡೆಯೂ ಆ ಮಣ್ಣಿನ ಜೊತೆ ವರ್ಷಕ್ಕೊಮ್ಮೆ ಏರಿಳಿಯುತ್ತದೆ. ಅಂಥ ಬಿರುಕಿಗೆ ಪುಟ್ಟಿ ತುಂಬಿ ಬಣ್ಣ ಹಚ್ಚಿದರೆ, ನೀವು ಮನೆ ಮಾರುವ ಹೊತ್ತಿಗೋ ಮಾರಿದ ಮರುವರ್ಷಕ್ಕೋ ಅದು ಅದೇ ಜಾಗದಲ್ಲಿ ಮತ್ತೆ ತೆರೆದುಕೊಳ್ಳುತ್ತದೆ.

ಬಿರುಕು ನಿಂತಿದೆಯೋ ಇನ್ನೂ ಓಡುತ್ತಿದೆಯೋ ಎಂದು ತಿಳಿಯಲು ಖರ್ಚಿಲ್ಲದ ದಾರಿಯೊಂದಿದೆ. ಬಿರುಕಿನ ಎರಡೂ ಬದಿಯ ಸುಣ್ಣ, ಬಣ್ಣವನ್ನು ಕೆರೆದು ಒಳಗಿನ ಗಟ್ಟಿ ಮೈ ಕಾಣುವಂತೆ ಮಾಡಿ, ತೆಳುವಾದ ಗಾಜಿನ ಪಟ್ಟಿಯೊಂದನ್ನು ಬಿರುಕಿಗೆ ಅಡ್ಡಲಾಗಿ ಇಟ್ಟು, ಎರಡು ತುದಿಗಳನ್ನು ಪ್ಲಾಸ್ಟರ್ ಆಫ್ ಪ್ಯಾರಿಸ್‌ನಿಂದ ಗೋಡೆಗೆ ಬಲವಾಗಿ ಮೆತ್ತಿ, ಪಕ್ಕದಲ್ಲಿ ಪೆನ್ಸಿಲಿನಿಂದ ತಾರೀಖು ಬರೆಯಬೇಕು. ಬಣ್ಣದ ಮೇಲೆಯೇ ಮೆತ್ತಿದರೆ ಬಣ್ಣ ಕಿತ್ತುಬರುತ್ತದೆ, ಗಾಜು ಹೇಳಬೇಕಾದದ್ದನ್ನು ಹೇಳುವುದಿಲ್ಲ. ಗೋಡೆ ಕೂದಲೆಳೆಯಷ್ಟು ಸರಿದರೂ ಗಾಜು ಒಡೆಯುತ್ತದೆ. ಒಡೆದರೆ ಸ್ಟ್ರಕ್ಚರಲ್ ಎಂಜಿನಿಯರರನ್ನು ಕರೆಸದೆ ಆ ಮನೆಗೆ ಒಂದು ರೂಪಾಯಿಯನ್ನೂ ಹಾಕಬೇಡಿ. ಒಡೆಯಲಿಲ್ಲವೆಂದು ಪೂರ್ತಿ ನಿಶ್ಚಿಂತರಾಗುವಂತೆಯೂ ಇಲ್ಲ, ಏಕೆಂದರೆ ಎರೆ ಮಣ್ಣಿನ ಆಟ ಪೂರ್ತಿ ಕಾಣಬೇಕಾದರೆ ಒಂದು ಮಳೆಗಾಲವೂ ಒಂದು ಬೇಸಿಗೆಯೂ ಕಳೆಯಬೇಕು. ಆದ್ದರಿಂದ ಅಕ್ಕಪಕ್ಕದವರನ್ನು ಕೇಳಿ, ಅವರ ಗೋಡೆಗಳನ್ನೂ ನೋಡಿ.

ಎರಡನೆಯದು ಬಚ್ಚಲ ಗೋಡೆಯ ಉಪ್ಪು. ಬಚ್ಚಲಿನ ನೀರು ಗಟಾರಕ್ಕೆ ಹೋಗದೆ ಪಾಯದ ಬುಡದಲ್ಲಿ ಇಂಗುತ್ತಿದ್ದರೆ ಮಣ್ಣು ಆ ಒಂದು ಕಡೆ ಮಾತ್ರ ಉಬ್ಬುತ್ತದೆ. ನಿಮ್ಮ ಬಿರುಕಿಗೂ ಈ ಉಪ್ಪಿಗೂ ಕಾರಣ ಒಂದೇ ಇರುವ ಸಾಧ್ಯತೆ ಇದೆ. ಬಚ್ಚಲಿನ ಪೈಪು ಬದಲಿಸುವುದು, ಮನೆಯ ಸುತ್ತ ಹೊರಕ್ಕೆ ಇಳಿಜಾರು ಕೊಟ್ಟು ಫರ್ಸಿ ಹಾಸಿ ಸಂದಿ ತುಂಬುವುದು, ಈ ಎರಡೂ ಒಳಗಿನ ಯಾವ ಕೆಲಸಕ್ಕಿಂತಲೂ ಮೊದಲು ಆಗಬೇಕು. ಸುತ್ತ ಫರ್ಸಿ ಹಾಸುವುದನ್ನು ನಿಮ್ಮ ತಂದೆಯವರ ಮಾರ್ಗದರ್ಶನದಲ್ಲಿ ನೀವೇ ಧಾರಾಳವಾಗಿ ಮಾಡಬಹುದು.

ಮಣ್ಣಿನಲ್ಲಿ ಕಟ್ಟಿದ ಕಲ್ಲಿನ ಗೋಡೆಗೆ ಸಿಮೆಂಟ್ ಗಿಲಾವು ಬೇಡ. ಸಿಮೆಂಟು ಗೋಡೆಯ ತೇವವನ್ನು ಹೊರಗೆ ಬಿಡುವುದಿಲ್ಲ, ಒಳಗಿನ ಮಣ್ಣು ಮೆತ್ತಗಾಗುತ್ತದೆ, ಕೆಲವು ಮಳೆಗಾಲ ಕಳೆಯುವುದರಲ್ಲಿ ಗಿಲಾವು ಹಲಗೆ ಹಲಗೆಯಾಗಿ ಕಳಚಿ ಬೀಳುತ್ತದೆ. ಸುಣ್ಣದ ಗಾರೆಯೇ ಅದಕ್ಕೆ ಒಗ್ಗುವ ಗಿಲಾವು. ಅದನ್ನು ಹದವಾಗಿ ಮಾಡಬಲ್ಲ ಹಿರಿಯ ಗೌಂಡಿಗಳು ಈಗ ಕಡಿಮೆ. ನಿಮ್ಮ ತಂದೆಯವರಿಗೆ ಆ ಕೈ ಇದ್ದರೆ ಈ ವ್ಯವಹಾರದಲ್ಲಿ ನಿಮಗಿರುವ ನಿಜವಾದ ಅನುಕೂಲ ಅದೇ.

ಸ್ಲ್ಯಾಬಿನ ತಳವನ್ನು ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ಬಡಿಯುತ್ತಾ ಹೋಗಿ. ಟೊಳ್ಳು ಸದ್ದು ಬಂದ ಕಡೆ, ಅಥವಾ ಸರಳಿನ ಗೆರೆಯುದ್ದಕ್ಕೂ ಕೆಂಪು ಕಲೆ ಕಂಡ ಕಡೆ, ಒಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬಿ ಕಾಂಕ್ರೀಟನ್ನು ತಳ್ಳುತ್ತಿದೆ ಎಂದು ಅರ್ಥ. ಮುಂದಿನ ಕೋಣೆಗಳಲ್ಲಿ ಗರ್ಡರಿನ ತುದಿಗಳು ಗೋಡೆಯೊಳಗೆ ಕೂತ ಜಾಗವನ್ನೇ ನೋಡಬೇಕು. ನಡುವೆ ಬಣ್ಣ ಹಚ್ಚಿ ಹೊಳೆಯುವ ಗರ್ಡರು ತುದಿಯಲ್ಲಿ ಪದರ ಪದರವಾಗಿ ಏಳುತ್ತಿರುತ್ತದೆ. ಇವೆರಡರ ದುರಸ್ತಿಯೂ ಮನೆಯವರು ತಾವೇ ಮಾಡುವ ಕೆಲಸವಲ್ಲ. ಗೋಡೆ ಒಡೆದು ಎರಡು ಕೋಣೆಗಳನ್ನು ಹಾಲ್ ಮಾಡುವ ಯೋಚನೆಯಿದ್ದರೆ ಈಗಲೇ ಬಿಡಿ, ಆ ಗೋಡೆಗಳ ಮೇಲೆಯೇ ಗರ್ಡರುಗಳು ಕೂತಿವೆ.

ವಿದ್ಯುತ್ ಕೆಲಸದ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ತಮ್ಮ ಐಟಿಐ ಓದಿದ್ದರೂ ವೈರಿಂಗ್ ಕೆಲಸವನ್ನು ಪರವಾನಗಿ ಇರುವ ವಿದ್ಯುತ್ ಗುತ್ತಿಗೆದಾರರ ಮೂಲಕವೇ ಮಾಡಿಸಬೇಕೆಂಬುದು ನಿಯಮ. ವಿದ್ಯುತ್ ಕಂಪನಿ ಜೆಸ್ಕಾಂನಲ್ಲಿ ಲೋಡ್ ಹೆಚ್ಚಿಸುವಾಗ ಅವರ ಪ್ರಮಾಣಪತ್ರ ಬೇಕಾಗುತ್ತದೆ. ದೀಪಗಳಿಗೆ 1.5, ಪ್ಲಗ್‌ಗಳಿಗೆ 2.5, ಗೀಸರ್ ಮತ್ತು ಎಸಿಗೆ 4 ಚದರ ಮಿಲಿಮೀಟರ್ ತಂತಿ, ಒಳ್ಳೆಯ ಅರ್ಥಿಂಗ್, 30 ಮಿಲಿಆಂಪಿಯರ್ ಆರ್‌ಸಿಸಿಬಿ (ವಿದ್ಯುತ್ ಸೋರಿದರೆ ತಾನೇ ಸಂಪರ್ಕ ಕಡಿಯುವ ಸ್ವಿಚ್ಚು), ಇಷ್ಟನ್ನು ಬರೆದು ಕೊಟ್ಟು ಮಾಡಿಸಿ.

ಕೊನೆಗೆ ನೆಲ. ಶಹಾಬಾದ್ ಕಲ್ಲನ್ನು ಕಿತ್ತು ವಿಟ್ರಿಫೈಡ್ ಟೈಲ್ಸ್ ಹಾಕುವುದು ಈಗಿನ ರೂಢಿ. ಕಲ್ಲು ಗಟ್ಟಿಯಾಗಿ ಕೂತಿದ್ದರೆ ಅದನ್ನು ಉಳಿಸಿ, ಸಂದಿ ತುಂಬಿ, ಮಷೀನಿನಿಂದ ಪಾಲಿಶ್ ಮಾಡಿಸಿ; ಬೇಸಿಗೆಯಲ್ಲಿ ಆ ನೆಲದ ತಂಪು ಏನೆಂಬುದು ಈ ಭಾಗದ ಪ್ರತಿಯೊಬ್ಬ ಗಿರಾಕಿಗೂ ಗೊತ್ತು. ಆದರೆ ಬಚ್ಚಲು ತೊಳೆಯುವ ಆ್ಯಸಿಡ್ ಅದರ ಮೇಲೆ ಬೀಳದಂತೆ ನೋಡಿಕೊಳ್ಳಬೇಕು. ಶಹಾಬಾದ್ ಕಲ್ಲು ಸುಣ್ಣದ ಕಲ್ಲಿನ ಜಾತಿ. ಆ್ಯಸಿಡ್ ಬಿದ್ದ ಕೂಡಲೇ ಬುಸುಬುಸು ನೊರೆಯೆದ್ದು ಮೇಲಿನ ನುಣುಪು ತಿಂದುಹೋಗುತ್ತದೆ, ಮುಟ್ಟಿದರೆ ಕೈಗೆ ತರಿತರಿ ಹತ್ತುತ್ತದೆ. ಸಿಮೆಂಟ್ ಕಲೆ ತೆಗೆಯಲೆಂದು ಕೆಲಸದ ಕೊನೆಯ ದಿನ ಯಾರೋ ಒಂದು ಬಾಟಲಿ ಸುರಿದರೆ ಇಡೀ ಪಾಲಿಶ್ ಮತ್ತೆ ಮಾಡಿಸಬೇಕಾಗುತ್ತದೆ.

ಉತ್ತರ: ತೆರಿಗೆ ಲೆಕ್ಕ, ಕಲಬುರಗಿ

ಪ್ರಶ್ನೆ ಕೇಳಿದ ಸಹೋದರರಿಗೆ ನಮಸ್ಕಾರ. ಮೇಲ್ವಿಚಾರಕ ಸರ್ ಗೋಡೆಯ ಮಾತು ಹೇಳಿದ್ದಾರೆ, ನಾನು ವಹಿಯ ಮಾತು ಹೇಳುತ್ತೇನೆ. ಆದಾಯ ತೆರಿಗೆ ರಿಟರ್ನ್ ಸಲ್ಲಿಸಿ ಕೊಡುವುದು ನನ್ನ ಕಸುಬು, ಇಂಥ ವ್ಯವಹಾರಗಳ ಕಾಗದಗಳು ನನ್ನ ಮುಂದೆ ಬರುತ್ತಲೇ ಇರುತ್ತವೆ.

ಕರ್ನಾಟಕದಲ್ಲಿ ಮನೆಯ ಕ್ರಯಪತ್ರಕ್ಕೆ ಮುದ್ರಾಂಕ ಶುಲ್ಕ ಶೇ. 5; ಅದರ ಮೇಲಿನ ಸೆಸ್ ಮತ್ತು ಅಧಿಭಾರ ಸೇರಿ ನಗರದಲ್ಲಿ ಶೇ. 5.6. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 1ರ ಬದಲು ಶೇ. 2 ಆಗಿದೆ. ಒಟ್ಟು ಶೇ. 7.6, ಅಂದರೆ ನಿಮ್ಮ 36 ಲಕ್ಷದ ಮೇಲೆ ಸುಮಾರು 2.74 ಲಕ್ಷ. ಸರ್ಕಾರ ಗೊತ್ತುಮಾಡಿದ ಮಾರ್ಗಸೂಚಿ ದರ 36 ಲಕ್ಷಕ್ಕಿಂತ ಹೆಚ್ಚಿದ್ದರೆ ಆ ಹೆಚ್ಚಿನ ಮೊತ್ತಕ್ಕೆ ಕಟ್ಟಬೇಕು. 25 ಲಕ್ಷ ಸಾಲಕ್ಕೆ ಶೇ. 9ರಂತೆ ತಿಂಗಳಿಗೆ 18,750 ರೂಪಾಯಿ ಬಡ್ಡಿ. ಕೊಂಡು, ದುರಸ್ತಿ ಮಾಡಿ, ಗಿರಾಕಿ ಹುಡುಕಿ ನೋಂದಣಿ ಮಾಡಿಕೊಡಲು 8 ತಿಂಗಳು ಹಿಡಿಯಿತು ಎಂದುಕೊಂಡರೆ 1.5 ಲಕ್ಷ. ದಲ್ಲಾಳಿಗೆ ಕೊಳ್ಳುವಾಗ ಶೇ. 1, ಮಾರುವಾಗ ಶೇ. 1 ಎಂದು ಹಿಡಿದರೆ ಸುಮಾರು 88 ಸಾವಿರ. ದುರಸ್ತಿಯ 8.5 ಲಕ್ಷ ಸೇರಿಸಿದರೆ ಒಟ್ಟು 49.6 ಲಕ್ಷವಾಗುತ್ತದೆ. ನೀವು ಹೇಳಿದ 52 ಲಕ್ಷ ಪೂರ್ತಿ ಕೈಗೆ ಬಂದರೂ ಉಳಿಯುವುದು ಸುಮಾರು 2.4 ಲಕ್ಷ, ಅದೂ ತೆರಿಗೆಗೆ ಮುಂಚೆ.

ಈಗ ನಿಮ್ಮ ಮೂಲ ಪ್ರಶ್ನೆಗೆ ಬರುತ್ತೇನೆ. ಕೂಲಿಯ 3.5 ಲಕ್ಷದಲ್ಲಿ ವೈರಿಂಗ್, ಪ್ಲಂಬಿಂಗ್, ಮಾಳಿಗೆಯ ಸೋರಿಕೆ ತಡೆಯುವ ಕೆಲಸಗಳನ್ನು ಬಿಟ್ಟು ನೀವೇ ಮಾಡಬಹುದಾದ ಕೆರೆಯುವುದು, ಪುಟ್ಟಿ, ಬಣ್ಣ, ಬಾಗಿಲು ಪಾಲಿಶ್, ಕಸ ಸಾಗಿಸುವುದು ಇಷ್ಟಕ್ಕೆ 1.2 ಲಕ್ಷ ಉಳಿಯುತ್ತದೆ ಎಂದುಕೊಳ್ಳೋಣ. ಸಂಜೆ ಮತ್ತು ಭಾನುವಾರದ ಕೆಲಸವಾದ್ದರಿಂದ ಮನೆ ಆರು ತಿಂಗಳು ತಡವಾಗಿ ಮುಗಿದರೆ ಬಡ್ಡಿಯೇ 1,12,500 ರೂಪಾಯಿ. ಉಳಿಸಿದ್ದು ಬಹುತೇಕ ಬಡ್ಡಿಗೆ ಹೋಯಿತು, ಮೈಮುರಿದು ದುಡಿದದ್ದು ಮಾತ್ರ ಉಳಿಯಿತು. ಆದ್ದರಿಂದ ನಿಮ್ಮ ಕೈಯ ಕೆಲಸದಿಂದ ಎಷ್ಟು ಕೂಲಿ ಉಳಿಯಿತು ಎಂದು ಕೇಳುವ ಮೊದಲು ಅದರಿಂದ ಎಷ್ಟು ತಿಂಗಳು ಹೆಚ್ಚಾಯಿತು ಎಂದು ಕೇಳಿ. ಗೌಂಡಿಗಳು ಹಗಲು ಒಂದು ಕೋಣೆಯಲ್ಲಿ ಕೆಲಸ ಮಾಡುವಾಗ ಸಂಜೆ ನೀವು ಇನ್ನೊಂದು ಕೋಣೆಯಲ್ಲಿ ಕೆಲಸ ಮಾಡುವಂತಿದ್ದರೆ ಲಾಭ; ಅವರು ನಿಮ್ಮ ಕೆಲಸಕ್ಕಾಗಿ ಕಾಯುವಂತಾದರೆ ನಷ್ಟ.

ಅಮೆರಿಕದಲ್ಲಿ ಈ ವ್ಯಾಪಾರ ಮಾಡುವವರು ಶೇ. 70ರ ಸೂತ್ರವೊಂದನ್ನು ಬಳಸುತ್ತಾರೆ. ದುರಸ್ತಿಯಾದ ಮೇಲೆ ಬರುವ ಬೆಲೆಯ ಶೇ. 70ರಲ್ಲಿ ದುರಸ್ತಿ ಖರ್ಚು ಕಳೆದರೆ ಎಷ್ಟು ಬರುತ್ತದೆಯೋ ಅದಕ್ಕಿಂತ ಹೆಚ್ಚು ಕೊಟ್ಟು ಮನೆ ಕೊಳ್ಳಬಾರದು ಎಂಬುದು ಅದರ ಸಾರ. ನಿಮ್ಮ ಮನೆಗೆ ಅದನ್ನು ಹಚ್ಚಿದರೆ 27.9 ಲಕ್ಷ ಬರುತ್ತದೆ. ನಮ್ಮಲ್ಲಿ ಆ ದರಕ್ಕೆ ಮನೆ ಸಿಗುವುದಿಲ್ಲ, ಏಕೆಂದರೆ ಇಲ್ಲಿನ ಮಾಲೀಕರು ಜಾಗದ ದರ ಹಿಡಿದು ಮಾರುತ್ತಾರೆ. ಮನೆ ಎಷ್ಟೇ ಹಾಳಾಗಿದ್ದರೂ ಜಾಗದ ಬೆಲೆ ಇಳಿಸುವುದಿಲ್ಲ. ಮುಂದೆ ನಿಮ್ಮ ಗಿರಾಕಿಯೂ ಹಾಗೆಯೇ ಮೊದಲು ಜಾಗದ ಲೆಕ್ಕ ಹಾಕುತ್ತಾನೆ, ಬಣ್ಣ ಪುಟ್ಟಿಗೆ ನೀವು ಸುರಿದದ್ದನ್ನೆಲ್ಲ ಬೆಲೆಯಲ್ಲಿ ಸೇರಿಸಿ ಕೊಡುವುದಿಲ್ಲ. ಸೂತ್ರವನ್ನು ಹಾಗೆಯೇ ಪಾಲಿಸಬೇಕಿಲ್ಲ, ಆದರೆ 36ಕ್ಕೂ 27.9ಕ್ಕೂ ನಡುವಿನ ಅಂತರ ನೋಡಿದರೆ ಈ ಬೆಲೆಗೆ ಕೊಳ್ಳುವುದು ಎಷ್ಟು ಇಕ್ಕಟ್ಟಿನದು ಎಂದು ತಿಳಿಯುತ್ತದೆ. ನನ್ನ ಅಭಿಪ್ರಾಯದಲ್ಲಿ ನೀವು ಲಾಭ ಮಾಡಬೇಕಾದದ್ದು ಕೊಳ್ಳುವ ದಿನ, ಮಾಲೀಕರ ಜೊತೆ ಚೌಕಾಸಿ ಮಾಡುವಾಗ. ಕರಣೆ ಹಿಡಿದು ಮಾಡುವ ಉಳಿತಾಯ ಅದರ ಮುಂದೆ ಸಣ್ಣದು.

ತೆರಿಗೆಯ ವಿಷಯದಲ್ಲಿ ಬಹಳ ಜನ ಮರೆಯುವ ಮಾತೊಂದಿದೆ: ನಿಮ್ಮ ಸ್ವಂತ ದುಡಿಮೆಗೆ ತೆರಿಗೆ ಲೆಕ್ಕದಲ್ಲಿ ಬೆಲೆಯಿಲ್ಲ. ಗೌಂಡಿಗೆ ಬ್ಯಾಂಕಿನ ಮೂಲಕ ಕೊಟ್ಟ ಕೂಲಿಗೆ ದಾಖಲೆ ಇದ್ದರೆ ಅದು ಮನೆಯ ಸುಧಾರಣೆಯ ವೆಚ್ಚವೆಂದು ಲಾಭದಿಂದ ಕಳೆಯಬಹುದು. ಅದೇ ಕೆಲಸವನ್ನು ನೀವು ಮಾಡಿದರೆ ಕಳೆಯಲು ಏನೂ ಇರುವುದಿಲ್ಲ, ಲಾಭ ಅಷ್ಟು ಹೆಚ್ಚಾಗಿ ಕಾಣುತ್ತದೆ, ತೆರಿಗೆಯೂ ಅದರ ಮೇಲೆ ಬೀಳುತ್ತದೆ. ಕೊಂಡ 24 ತಿಂಗಳೊಳಗೆ ಮಾರಿದರೆ ಅದು ಅಲ್ಪಾವಧಿ ಲಾಭ. ನಿಮ್ಮ ಸಂಬಳಕ್ಕೆ ಸೇರಿ ನಿಮ್ಮ ಆದಾಯದ ಹಂತಕ್ಕೆ (ಸ್ಲ್ಯಾಬ್) ತಕ್ಕ ದರದಲ್ಲಿ ತೆರಿಗೆ ಬರುತ್ತದೆ. 24 ತಿಂಗಳು ದಾಟಿದರೆ ಶೇ. 12.5, ಆದರೆ ಅಷ್ಟು ದಿನ ಬಡ್ಡಿ ಕಟ್ಟಿ ಕಾಯುವುದು ನಿಮ್ಮ ಲೆಕ್ಕಕ್ಕೆ ಕೂಡುವುದಿಲ್ಲ. ಇದನ್ನೇ ಮೇಲಿಂದ ಮೇಲೆ ಮಾಡುತ್ತಾ ಹೋದರೆ ಇಲಾಖೆ ಅದನ್ನು ವ್ಯಾಪಾರದ ಆದಾಯವೆಂದು ಎಣಿಸಬಹುದು. ಸಿಮೆಂಟು, ಪೈಪು, ಟೈಲ್ಸ್ ಎಲ್ಲಕ್ಕೂ ಜಿಎಸ್‌ಟಿ ಬಿಲ್ಲನ್ನು ನಿಮ್ಮ ಹೆಸರಿನಲ್ಲಿ ತೆಗೆದುಕೊಳ್ಳಿ. ಸಿಮೆಂಟಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 28ರಿಂದ ಶೇ. 18ಕ್ಕೆ ಇಳಿದಿದೆ, ಹಳೆಯ ಅಂದಾಜುಪಟ್ಟಿಯಾದರೆ ಗುತ್ತಿಗೆದಾರರಿಂದ ಮತ್ತೊಮ್ಮೆ ಬರೆಸಿಕೊಳ್ಳಿ.

ಇನ್ನೆರಡು ಮಾತು. ಮನೆ, ಜಾಗದ ವ್ಯವಹಾರದಲ್ಲಿ ಮುಂಗಡವಾಗಿಯಾದರೂ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆದರೆ ಪಡೆದಷ್ಟೇ ಮೊತ್ತದ ದಂಡ ಬೀಳಬಹುದು. ನೀವು ಮಾರುವಾಗ ಗಿರಾಕಿ ನಗದು ತಂದರೆ ಬೇಡವೆನ್ನಿ. ಬೆಲೆ 50 ಲಕ್ಷ ಅಥವಾ ಮೇಲಿದ್ದರೆ ನಿಮ್ಮ ಗಿರಾಕಿ ಶೇ. 1 ಟಿಡಿಎಸ್ (ಮೂಲದಲ್ಲೇ ಕಡಿಯುವ ತೆರಿಗೆ) ಹಿಡಿದು ಉಳಿದದ್ದನ್ನು ಕೊಡುತ್ತಾರೆ, ಅಂದರೆ 52 ಸಾವಿರ ನಿಮ್ಮ ಕೈಗೆ ಆ ದಿನ ಬರುವುದಿಲ್ಲ. ಸಾಲ ತೀರಿಸುವ ಲೆಕ್ಕದಲ್ಲಿ ಇದನ್ನು ಸೇರಿಸಿಕೊಂಡಿರಿ.

ಉತ್ತರ: ಬೀದರ್ ಹಳೇ ಊರು

ಮೇಲಿನ ಎರಡೂ ಉತ್ತರಗಳನ್ನು ಪೂರ್ತಿ ಒಪ್ಪುತ್ತೇನೆ. ನಾನು ಬೀದರಿನವನು. ನಮ್ಮ ಕಡೆ ಎರೆ ಮಣ್ಣಿನ ತೊಂದರೆ ಊರೊಳಗೆ ಅಷ್ಟಿಲ್ಲ, ಕೆಳಗೆ ಕೆಂಪು ಜಂಬಿಟ್ಟಿಗೆ ಕಲ್ಲಿದೆ. ನಮ್ಮ ತೊಂದರೆ ಬೇರೆ, ಅದು ಕಲಬುರಗಿಯ ಹಳೇ ಊರಿಗೂ ಅನ್ವಯಿಸುವುದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ. ಸ್ಮಾರಕ ರಕ್ಷಣೆಯ ಕಾನೂನಿಗೆ 2010ರಲ್ಲಿ ಬಂದ ತಿದ್ದುಪಡಿಯ ನಂತರ ಇದು ಬಿಗಿಯಾಗಿದೆ. ನಿಷೇಧಿತ ಪ್ರದೇಶದಲ್ಲಿ ಹೊಸದಾಗಿ ಕಟ್ಟಲು ಅನುಮತಿ ಸಿಗುವುದಿಲ್ಲ. 1992ರ ಜೂನ್ 16ಕ್ಕಿಂತ ಮೊದಲೇ ಇದ್ದ ಮನೆಯಾದರೆ ದುರಸ್ತಿ, ನವೀಕರಣಕ್ಕೆ ಸಕ್ಷಮ ಪ್ರಾಧಿಕಾರಕ್ಕೆ ಅರ್ಜಿ ಹಾಕಿ ಅನುಮತಿ ಪಡೆಯಬೇಕು. ಬೀದರಿನಲ್ಲಿ ಕೋಟೆ, 1472ರ ಮಹಮೂದ್ ಗವಾನ್ ಮದರಸಾ, ಇವುಗಳ ಸುತ್ತಲಿನ ಓಣಿಗಳಲ್ಲಿ ಮನೆ ಅಗ್ಗವಾಗಿ ಬರುತ್ತಿದ್ದರೆ ಅದರ ಕಾರಣ ಇದೂ ಆಗಿರಬಹುದು. ಕಲಬುರಗಿಯಲ್ಲಿ ಕೋಟೆಯ ಸುತ್ತ, ಹಫ್ತ್ ಗುಂಬಜ್ ಸುತ್ತ ಮನೆ ನೋಡುವವರು ಟೇಪು ಹಿಡಿದೇ ನೋಡಬೇಕು. ನೀವೇ ಸದ್ದಿಲ್ಲದೆ ಕೆಲಸ ಮಾಡಿದರೆ ಯಾರಿಗೂ ತಿಳಿಯುವುದಿಲ್ಲ ಎಂದು ಕೆಲವರು ಹೇಳುತ್ತಾರೆ. ನಿಮಗೆ ವಾಸಕ್ಕಾಗಿಯಾದರೆ ಅದು ನಿಮ್ಮ ಹೊಣೆ. ಮಾರುವ ಮನೆಯಾದರೆ ಆ ಹೊಣೆಯನ್ನು ತಿಳಿಯದ ಇನ್ನೊಬ್ಬರ ತಲೆಗೆ ಕಟ್ಟಿದಂತಾಗುತ್ತದೆ.

ಕಾಗದಪತ್ರದ ಬಗ್ಗೆಯೂ ಹೇಳಬೇಕು. ಬೀದರ್, ಕಲಬುರಗಿ ಸೇರಿ ನಮ್ಮ ಈ ಭಾಗ ಹೈದರಾಬಾದ್ ಸಂಸ್ಥಾನದಲ್ಲಿದ್ದುದರಿಂದ ಹಳೆಯ ಮನೆಗಳ ಮೂಲ ದಸ್ತಾವೇಜು ಎಷ್ಟೋ ಕಡೆ ಉರ್ದುವಿನಲ್ಲಿರುತ್ತದೆ. ಓದಲು ಬರುವುದಿಲ್ಲವೆಂದು ಬದಿಗಿಡದೆ, ತಿಳಿದವರಿಂದ ಅನುವಾದ ಮಾಡಿಸಿ ವಕೀಲರಿಗೆ ತೋರಿಸಿ, ಏಕೆಂದರೆ ಚೆಕ್ಕುಬಂದಿಯ (ನಾಲ್ಕು ದಿಕ್ಕಿನ ಗಡಿಯ) ವಿವರ ಅದರಲ್ಲೇ ಇರುತ್ತದೆ. ಮನೆ ಅಣ್ಣ-ತಮ್ಮಂದಿರ ವಾಟಣಿಯಲ್ಲಿ (ಆಸ್ತಿ ಪಾಲಿನಲ್ಲಿ) ಬಂದದ್ದಾದರೆ ಹೆಣ್ಣುಮಕ್ಕಳ ಸಹಿಯೂ ಇರಬೇಕು. ಹಿಂದೂ ಉತ್ತರಾಧಿಕಾರ ಕಾನೂನಿಗೆ 2005ರಲ್ಲಿ ಬಂದ ತಿದ್ದುಪಡಿಯ ನಂತರ ಪಿತ್ರಾರ್ಜಿತದಲ್ಲಿ ಅವರಿಗೂ ಸಮಪಾಲು. ಇ-ಖಾತೆ ಇಲ್ಲದೆ ಈಗ ನೋಂದಣಿಯೇ ಆಗುವುದಿಲ್ಲ. 1995ರಲ್ಲಿ ಕಟ್ಟಿದ ಹಿಂಭಾಗಕ್ಕೆ ಪಾಲಿಕೆಯ ಅನುಮತಿ ಇತ್ತೇ ಎಂದು ಕೇಳಿ. ಇಲ್ಲದಿದ್ದರೆ ನಿಮ್ಮ ಗಿರಾಕಿಯ ಬ್ಯಾಂಕಿನವರು ಮೌಲ್ಯಮಾಪನಕ್ಕೆ ಬಂದಾಗ ಸಾಲ ನಿಲ್ಲಬಹುದು. ಆಗ ಕೈಯಲ್ಲಿ ಪೂರ್ತಿ ಹಣವಿರುವ ಗಿರಾಕಿಯೇ ಬೇಕು, ಅಂಥವನು ಬೆಲೆ ಇಳಿಸದೆ ಬಿಡುವುದಿಲ್ಲ.

ಉತ್ತರ: ಯಾದಗಿರಿಯಿಂದ

ಅಣ್ಣನವರಿಗೆ ನಮಸ್ಕಾರ. ನಮ್ಮ ಯಜಮಾನರು ಹಳೆಯ ಮನೆಗಳನ್ನು ಕೊಂಡು ಸರಿಪಡಿಸಿ ಮಾರುತ್ತಾರೆ; ಮರದ ಕೆಲಸ ಮತ್ತು ಬಣ್ಣದ ಕೆಲಸದಲ್ಲಿ ನಾನೂ ಕೈಗೂಡಿಸುತ್ತೇನೆ. ಅದರಿಂದ ತಿಳಿದದ್ದನ್ನು ಹೇಳುತ್ತೇನೆ.

ಹಳೆಯ ಬಾಗಿಲು, ಚೌಕಟ್ಟು ಸಾಗವಾನಿಯದಾದರೆ ಕಿತ್ತು ಹಾಕಬೇಡಿ. ಮೇಲಿನ ಎಣ್ಣೆಬಣ್ಣದ ಪದರಗಳನ್ನು ತೆಗೆದು, ಮರದ ಎಳೆ ಹಿಡಿದು ಉಜ್ಜಿ, ಪಾಲಿಶ್ ಹಚ್ಚಿದರೆ ಹೊಸ ಫ್ಲಶ್ ಡೋರ್‌ಗಿಂತ ಹೆಚ್ಚು ಘನವಾಗಿ ಕಾಣುತ್ತದೆ, ನೋಡಲು ಬಂದವರ ಕೈ ತಾನಾಗಿ ಅದನ್ನು ಸವರುತ್ತದೆ. ಇದಕ್ಕೆ ಕೂಲಿ ಕೊಟ್ಟು ಮಾಡಿಸಿದರೆ ದುಬಾರಿ, ಏಕೆಂದರೆ ತಾಳ್ಮೆಯ ಕೆಲಸ. ಮನೆಯವರು ಮಾಡಿದರೆ ನಿಜವಾಗಿಯೂ ಉಳಿತಾಯವಾಗುತ್ತದೆ. ಬಾಗಿಲನ್ನು ಕಳಚಿ ಮನೆಗೆ ತಂದು ಮಾಡಬಹುದು, ಆದ್ದರಿಂದ ಗೌಂಡಿಗಳ ಕೆಲಸವೂ ನಿಲ್ಲುವುದಿಲ್ಲ.

ಆದರೆ ಒಂದು ಎಚ್ಚರಿಕೆ ಬೇಕೇ ಬೇಕು. ಮನೆಯ ಬಣ್ಣಗಳಲ್ಲಿ ಸೀಸವನ್ನು 90 ಪಿಪಿಎಂಗೆ (ಹತ್ತು ಲಕ್ಷದಲ್ಲಿ 90 ಭಾಗಕ್ಕೆ) ಸೀಮಿತಗೊಳಿಸಿದ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕಿಂತ ಹಳೆಯ ಎಣ್ಣೆಬಣ್ಣದಲ್ಲಿ ಸೀಸ ಇದೆ ಎಂದೇ ತಿಳಿದು ಕೆಲಸ ಮಾಡಬೇಕು. ಒಣಗಿದ್ದಾಗ ಉಜ್ಜಬಾರದು, ಬೆಂಕಿಯ ಬರ್ನರ್ ಹಿಡಿದು ಸುಡಬಾರದು. ನೀರು ಚಿಮುಕಿಸಿ ಒದ್ದೆಯಾಗಿಯೇ ಉಜ್ಜಿ, ಕೆಳಗೆ ಹಾಳೆ ಹಾಸಿ ಪುಡಿಯನ್ನೆಲ್ಲ ಕೂಡಿಸಿ, ಒಳ್ಳೆಯ ಮಾಸ್ಕ್ ಹಾಕಿಕೊಂಡು, ಆ ಬಟ್ಟೆಯಲ್ಲಿಯೇ ಮಕ್ಕಳನ್ನು ಎತ್ತಿಕೊಳ್ಳದೆ ಸ್ನಾನ ಮಾಡಬೇಕು. ಹಿತ್ತಲಿನಲ್ಲಿ ಹಳೆಯ ಸಿಮೆಂಟ್ ಶೀಟಿನ ಚಪ್ಪರ ಇದ್ದರೆ ಅದನ್ನು ಒಡೆದು ತೆಗೆಯಬೇಡಿ. ಹಳೆಯ ಶೀಟುಗಳಲ್ಲಿ ಕಲ್ನಾರು ಇರುತ್ತದೆ, ಅದರ ಧೂಳು ಪುಪ್ಪುಸಕ್ಕೆ ಇಳಿದರೆ ಹೊರಗೆ ಬರುವುದಿಲ್ಲ. ಬೋಲ್ಟು ಬಿಚ್ಚಿ, ನೀರು ಹಾಕಿ, ಇಡಿಯಾಗಿ ಇಳಿಸಬೇಕು.

ಗಿರಾಕಿಗಳ ವಿಷಯ: ನಮ್ಮ ಭಾಗದಲ್ಲಿ ಮನೆ ನೋಡಲು ಬಂದವರು ಮೊದಲು ಕೇಳುವುದು ನೀರು. ನಳದ ಸಂಪರ್ಕ, ಬೋರ್‌ವೆಲ್, ಸಂಪು, ಮೇಲಿನ ಟಾಕಿ. ಆಮೇಲೆ ಬಾಗಿಲು ಯಾವ ದಿಕ್ಕಿಗಿದೆ, ಗಾಡಿ ನಿಲ್ಲಿಸಲು ಜಾಗವಿದೆಯೇ, ಬಚ್ಚಲು ಒಳಗಿದೆಯೇ ಎಂದು ಕೇಳುತ್ತಾರೆ. ಜೊತೆಗೆ ಬಂದ ಹೆಣ್ಣುಮಕ್ಕಳು ನೇರವಾಗಿ ಅಡುಗೆಮನೆಗೆ ಹೋಗಿ ಕಟ್ಟೆಯ ಎತ್ತರ, ಗಾಳಿ, ಬೆಳಕು ನೋಡುತ್ತಾರೆ. ಫಾಲ್ಸ್ ಸೀಲಿಂಗ್ ಮಾಡಿಸಿ ಅದರಲ್ಲಿ ದೀಪದ ಸಾಲು ಹಾಕಿದ್ದಕ್ಕೆ ಯಾರೂ ಹೆಚ್ಚಿಗೆ ಹಣ ಕೊಟ್ಟದ್ದನ್ನು ನಾನು ಕಂಡಿಲ್ಲ. ಆ ದುಡ್ಡನ್ನು ಬಚ್ಚಲಿಗೂ ಅಡುಗೆ ಕಟ್ಟೆಗೂ ಹಾಕಿ.

ಮರುಪ್ರಶ್ನೆ: ಬ್ರಹ್ಮಪುರ ಓಣಿ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಇಷ್ಟು ವಿವರವಾಗಿ ಬರೆಯುತ್ತೀರೆಂದು ಎಣಿಸಿರಲಿಲ್ಲ. ತಂದೆಯವರಿಗೆ ಎಲ್ಲವನ್ನೂ ಓದಿ ಹೇಳಿದೆ. ಸುಣ್ಣದ ಗಾರೆಯ ಗಿಲಾವು ತಮಗೆ ಬರುತ್ತದೆ ಎಂದರು.

ಒಂದು ಮಾತು ಕೇಳಬೇಕಿದೆ. ದಲ್ಲಾಳಿಯವರು ಬೇರೆ ದಾರಿ ಹೇಳುತ್ತಿದ್ದಾರೆ. ಮಾಲೀಕರೊಂದಿಗೆ ಬರೀ ಕರಾರುಪತ್ರ ಮಾಡಿಕೊಂಡು, ಮನೆಯ ಕೀಲಿ ಪಡೆದು ದುರಸ್ತಿ ಮಾಡಿ, ಗಿರಾಕಿ ಸಿಕ್ಕ ಮೇಲೆ ಮಾಲೀಕರಿಂದಲೇ ಅವರಿಗೆ ನೇರವಾಗಿ ನೋಂದಣಿ ಮಾಡಿಸಿದರೆ ಆ 2.74 ಲಕ್ಷ ಪೂರ್ತಿ ಉಳಿಯುತ್ತದಂತೆ. ಹೀಗೆ ಮಾಡಬಹುದೇ? ಮತ್ತು ಕೆಲಸ ಶುರು ಮಾಡಲು ಯಾವ ತಿಂಗಳು ಒಳ್ಳೆಯದು?

ಉತ್ತರ: ತೆರಿಗೆ ಲೆಕ್ಕ, ಕಲಬುರಗಿ

ದಯವಿಟ್ಟು ಆ ದಾರಿ ಹಿಡಿಯಬೇಡಿ. ಮನೆಯ ಸ್ವಾಧೀನ ಕೊಡುವ ಕರಾರುಪತ್ರಕ್ಕೆ ಕರ್ನಾಟಕದಲ್ಲಿ ಕ್ರಯಪತ್ರದಷ್ಟೇ ಮುದ್ರಾಂಕ ಶುಲ್ಕ ಬೀಳುತ್ತದೆ; ಕೀಲಿ ಕೊಟ್ಟದ್ದನ್ನು ಬರೆದರೆ ಉಳಿತಾಯವಿಲ್ಲ, ಬರೆಯದಿದ್ದರೆ ನಿಮಗೆ ರಕ್ಷಣೆಯಿಲ್ಲ. ಆಸ್ತಿ ವರ್ಗಾವಣೆ ಕಾನೂನಿಗೆ 2001ರಲ್ಲಿ ಬಂದ ತಿದ್ದುಪಡಿಯ ನಂತರ, ಕರಾರಿನ ಮೇರೆಗೆ ಸ್ವಾಧೀನದಲ್ಲಿದ್ದೇನೆ ಎಂದು ಕಾನೂನಿನ ರಕ್ಷಣೆ ಕೇಳಬೇಕಾದರೆ ಆ ಕರಾರು ನೋಂದಣಿಯಾಗಿರಬೇಕು. ನೋಂದಣಿಯಿಲ್ಲದ ಕಾಗದ ಹಿಡಿದು ಇನ್ನೊಬ್ಬರ ಹೆಸರಿನ ಮನೆಗೆ 8.5 ಲಕ್ಷ ಸುರಿದ ಮೇಲೆ, ಮಾಲೀಕರು ಮನಸ್ಸು ಬದಲಿಸಿದರೂ, ತೀರಿಕೊಂಡು ವಾರಸುದಾರರು ಬಂದರೂ, ಆ ಮನೆಯ ಮೇಲೆ ಯಾವುದೋ ಹಳೆಯ ಸಾಲದ ಜಪ್ತಿ ಬಂದರೂ ನಿಮ್ಮ ಸ್ಥಿತಿ ಕಷ್ಟವಾಗುತ್ತದೆ. ಬ್ಯಾಂಕು ಕೂಡ ನಿಮ್ಮ ಹೆಸರಿಗೆ ಕ್ರಯಪತ್ರವಾಗದೆ ಗೃಹಸಾಲ ಬಿಡುಗಡೆ ಮಾಡುವುದಿಲ್ಲ.

ಕರಾರುಪತ್ರದಿಂದ ನಿಮಗೆ ಆಗಬೇಕಾದ ಉಪಯೋಗ ಬೇರೆಯಿದೆ. ಸಣ್ಣ ಮುಂಗಡವನ್ನು ಬ್ಯಾಂಕಿನ ಮೂಲಕ ಕೊಟ್ಟು, ನಿಗದಿತ ಅವಧಿಯೊಳಗೆ ಎಂಜಿನಿಯರರನ್ನು ಕರೆತಂದು ಪರೀಕ್ಷಿಸಲು ಅವಕಾಶವಿರಬೇಕು, ಪಾಯದಲ್ಲಿ ಅಥವಾ ದಾಖಲೆಯಲ್ಲಿ ದೋಷ ಕಂಡರೆ ಮುಂಗಡ ಮರಳಿಸಬೇಕು ಎಂದು ಅದರಲ್ಲಿ ಬರೆಸಿ, ನೋಂದಣಿ ಮಾಡಿಸಿ. ಎಂಜಿನಿಯರರ ವರದಿ ಕೈಯಲ್ಲಿದ್ದರೆ 36 ಲಕ್ಷವನ್ನು ಇಳಿಸಿ ಮಾತಾಡಲು ನಿಮಗೆ ಬಲ ಬರುತ್ತದೆ. 33ಕ್ಕೆ ಬಂದರೆ ವಿಚಾರ ಮಾಡಿ, 36ಕ್ಕೇ ನಿಂತರೆ ಬೇರೆ ಮನೆ ನೋಡಿ.

ಉತ್ತರ: ಸೇಡಂ ರಸ್ತೆ ಸೈಟ್ ಮೇಲ್ವಿಚಾರಕ

ತಿಂಗಳ ಬಗ್ಗೆ ಕೇಳಿದ್ದೀರಿ. ದಸರೆ ಕಳೆದು ಮಳೆ ನಿಂತ ಮೇಲೆ ಶುರು ಮಾಡಿ ಬೇಸಿಗೆಯ ಬಿಸಿಲು ಏರುವುದರೊಳಗೆ ಗಿಲಾವು ಮುಗಿಸುವುದು ಉತ್ತಮ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ; ಮಧ್ಯಾಹ್ನ ಹಚ್ಚಿದ ಗಿಲಾವು ಸಂಜೆಗೆ ಬಿರಿಯುತ್ತದೆ, ನೀರುಣಿಸಲು ಟ್ಯಾಂಕರ್ ತರಿಸಬೇಕಾಗುತ್ತದೆ. ಸುಣ್ಣದ ಗಾರೆಗಂತೂ ನಿಧಾನವಾಗಿ ಒಣಗುವುದೇ ಪ್ರಾಣ, ಒದ್ದೆ ಗೋಣಿಚೀಲ ಹೊದಿಸಿ ನೆರಳು ಮಾಡಿಕೊಡಬೇಕು.

ಮೊದಲು ಬಚ್ಚಲಿನ ಪೈಪು ಮತ್ತು ಹೊರಗಿನ ಇಳಿಜಾರು, ಆಮೇಲೆ ಮಾಳಿಗೆಯ ಸೋರಿಕೆ, ಆಮೇಲೆ ವೈರಿಂಗ್, ಆಮೇಲೆ ಗಿಲಾವು. ನೆಲದ ಪಾಲಿಶ್ ಮತ್ತು ಬಣ್ಣ ಕೊನೆಗೆ. ಮಾಳಿಗೆಯ ಕೆಲಸ ಮುಗಿದ ಮೇಲೆ ನೀರಿಳಿಯುವ ತೂತುಗಳನ್ನು ಮುಚ್ಚಿ, ಸುತ್ತ ಸಣ್ಣ ಕಟ್ಟೆ ಹಾಕಿ, ಎರಡು ದಿನ ನೀರು ನಿಲ್ಲಿಸಿ ಕೆಳಗೆ ತೇವ ಕಾಣುತ್ತದೆಯೇ ನೋಡಬೇಕು. ಇದು ಆರ್‌ಸಿಸಿ ಸ್ಲ್ಯಾಬಿಗೆ ಮಾತ್ರ. ಗರ್ಡರ್ ಮೇಲಿನ ಫರ್ಸಿಯ ಮಾಳಿಗೆಯ ಮೇಲೆ ಅಷ್ಟು ನೀರಿನ ಭಾರ ನಿಲ್ಲಿಸಬೇಡಿ, ಅಲ್ಲಿ ಸಂದಿ ಸಂದಿಗೆ ನೀರು ಸುರಿದು ನೋಡಿದರೆ ಸಾಕು. ಗುತ್ತಿಗೆದಾರರಿಗೆ ಕೊನೆಯ ಕಂತಿನ ಹಣವನ್ನು ಈ ಪರೀಕ್ಷೆ ಆದ ಮೇಲೆಯೇ ಕೊಡುವುದೆಂದು ಮೊದಲೇ ಮಾತಾಡಿಕೊಳ್ಳಿ.